ಬಾಡಿಗೆಯ ಕೊಠಡಿಯೂ ಗಗನಚುಂಬಿ ಕಟ್ಟಡವೂ: ಲೂಯಿ ಸಲಿವನ್ನನ ಒಂದು ಪ್ರಬಂಧದ ವಿಮರ್ಶೆ

ಅಮೆರಿಕದ ವಾಸ್ತುಶಿಲ್ಪಿ ಲೂಯಿ ಸಲಿವನ್ 1896ರಲ್ಲಿ, ಎತ್ತರದ ಕಚೇರಿ ಕಟ್ಟಡವನ್ನು ಕಲೆಯ ದೃಷ್ಟಿಯಿಂದ ಪರಿಶೀಲಿಸುವ ಒಂದು ಪ್ರಬಂಧವನ್ನು ಪ್ರಕಟಿಸಿದನು. ರೂಪವು ಕಾರ್ಯವನ್ನು ಅನುಸರಿಸತಕ್ಕದ್ದೆಂಬ ತತ್ತ್ವವು ಪ್ರಸಿದ್ಧಿಗೆ ಬಂದುದು ಈ ಪ್ರಬಂಧದಿಂದ. ಸೂತ್ರವನ್ನು ಮಾತ್ರ ಎತ್ತಿಕೊಂಡು ಪ್ರಬಂಧವನ್ನು ಬದಿಗಿಡುವುದು ಈಗ ವಾಡಿಕೆಯಾಗಿದೆ. ಆದರೆ ಕಾರ್ಯವೆಂದರೆ ಯಾರ ಕಾರ್ಯ? ಕಚೇರಿಯಲ್ಲಿ ಕುಳಿತು ಕೆಲಸಮಾಡುವವನದೋ, ಅದನ್ನು ಬಾಡಿಗೆಗೆ ಕೊಡುವವನದೋ? ಈ ಪ್ರಶ್ನೆಯನ್ನು ನಾವು ಇಲ್ಲಿ ವಿಚಾರಕ್ಕೆ ತೆಗೆದುಕೊಳ್ಳುತ್ತೇವೆ.

ಮೊದಲು ಗ್ರಂಥಕರ್ತನ ಪಕ್ಷವನ್ನು ನ್ಯಾಯವಾಗಿ ನಿರೂಪಿಸಬೇಕು. ನೆಲದಡಿಯಲ್ಲಿ ಯಂತ್ರಗಳು; ನೆಲದ ಅಂತಸ್ತಿನಲ್ಲಿ ಅಂಗಡಿ, ಬ್ಯಾಂಕು; ಅದರ ಮೇಲೆ ಮೆಟ್ಟಿಲಿನಿಂದ ಸುಲಭವಾಗಿ ತಲಪಬಹುದಾದ ಒಂದು ಮಹಡಿ; ಆಮೇಲೆ ಒಂದರಂತೆ ಇನ್ನೊಂದಿರುವ ಕಚೇರಿಗಳ ಸಾಲುಗಳು; ತುದಿಯಲ್ಲಿ ತೊಟ್ಟಿ, ಕೊಳವೆಗಳ ಅಟ್ಟ. ಕಚೇರಿಯನ್ನು ಅವನು ಜೇನುಹಟ್ಟಿಯ ಕಣ್ಣಿಗೆ ಹೋಲಿಸುತ್ತಾನೆ. ಆ ಒಂದು ಕೊಠಡಿಯಿಂದಲೇ ಕಿಟಕಿಯ ಅಗಲವೂ ಅಂತಸ್ತಿನ ಎತ್ತರವೂ ನಿರ್ಧಾರವಾಗಬೇಕು. ಇಡೀ ಕಟ್ಟಡವು ತನ್ನ ಎತ್ತರವನ್ನು ಹೆಮ್ಮೆಯಿಂದ ಸಾರಬೇಕು. ಪ್ರಾಚೀನ ಕಂಬದ ಪೀಠ, ಕಾಂಡ, ಬೋದಿಗೆಗಳನ್ನು ಮಾದರಿಯಾಗಿ ಹಿಡಿದವರ ವಾದವನ್ನು ಅವನು ತಳ್ಳಿಹಾಕುವ ರೀತಿ ಇಂದಿಗೂ ಮೆಚ್ಚತಕ್ಕದ್ದು.

ದೋಷವಿರುವುದು ಬೇರೆಡೆಯಲ್ಲಿ. ಲಿಫ್ಟು, ಉಕ್ಕಿನ ಚೌಕಟ್ಟು, ಜನಸಾಂದ್ರತೆ, ಏರುತ್ತಿರುವ ನಿವೇಶನದ ಬೆಲೆ ಇವೇ ಈ ಕಟ್ಟಡಗಳಿಗೆ ಕಾರಣವೆಂದು ಸಲಿವನ್ನನೇ ಆರಂಭದಲ್ಲಿ ಹೇಳುತ್ತಾನೆ. ಪೀಠಿಕೆಯಲ್ಲಿ ಹೀಗೆ ಕಾರಣವಾಗಿ ಬಂದ ಹಣವು ಸಿದ್ಧಾಂತದಲ್ಲಿ ಮಾಯವಾಗುತ್ತದೆ. ಪ್ರತಿದೀಪ್ತಿ ದೀಪವೂ ಹವಾನಿಯಂತ್ರಣವೂ ಬಳಕೆಗೆ ಬರುವ ಮೊದಲು, ಕಿಟಕಿಯಿಂದ ದೂರವಾದ ಜಾಗಕ್ಕೆ ಒಳ್ಳೆಯ ಬಾಡಿಗೆ ಹುಟ್ಟುತ್ತಿರಲಿಲ್ಲ. ಸೇಂಟ್ ಲೂಯಿಯ ವೇನ್‌ರೈಟ್ ಕಟ್ಟಡವೂ (1891) ಬಫಲೋದ ಗ್ಯಾರಂಟಿ ಕಟ್ಟಡವೂ (1896) ನಡುವೆ ಬೆಳಕಿನ ಅಂಗಳವನ್ನು ಬಿಟ್ಟುಕೊಂಡಿರುವುದನ್ನು ಈ ದೃಷ್ಟಿಯಿಂದಲೇ ನೋಡಬೇಕು. ಆದುದರಿಂದ ಸಲಿವನ್ನನ ಜೇನುಗೂಡಿನ ಕಣ್ಣು ಕೆಲಸದ ಘಟಕವಾಗಿರುವಷ್ಟೇ ಗುತ್ತಿಗೆಯ ಘಟಕವೂ ಹೌದು.

ಹಾಗೆಂದು ಬಾಡಿಗೆಯೇ ಸರ್ವಸ್ವವೆನ್ನಬಹುದೆ? ರೂಪವು ಅನುಸರಿಸುವುದು ಹಣಕಾಸನ್ನು ಎಂದು ಕೆರೊಲ್ ವಿಲಿಸ್ 1995ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಕೊಠಡಿಗಳ ಏಕರೂಪತೆಯನ್ನು ಈ ವಾದ ಚೆನ್ನಾಗಿ ವಿವರಿಸುತ್ತದೆ. ಕಟ್ಟಡದ ಊರ್ಧ್ವಗತಿಯನ್ನು ಪೂರ್ತಿಯಾಗಿ ವಿವರಿಸಲಾರದು. ವೇನ್‌ರೈಟ್ ಕಟ್ಟಡದ ಮುಖದಲ್ಲಿ ಒಂದು ಬಿಟ್ಟು ಒಂದು ಕಂಬದೊಳಗೆ ಮಾತ್ರ ಉಕ್ಕಿನ ಆಧಾರವಿದೆ. ಉಳಿದವು ಭಾರವನ್ನು ಹೊರುವುದಿಲ್ಲ. ಅವುಗಳಿಂದ ಬಾಡಿಗೆಯೂ ಹೆಚ್ಚದು. ಅವು ಇರುವುದು ಕಣ್ಣನ್ನು ಮೇಲಕ್ಕೆ ಒಯ್ಯುವುದಕ್ಕಾಗಿ. ಇಲ್ಲಿ ಸಲಿವನ್ನನ ಕಲೆ ಅವನ ಸೂತ್ರಕ್ಕಿಂತ ಹಿರಿದಾಗಿದೆ.

ಕಾಲವು ಈ ವಿಷಯಕ್ಕೆ ಮತ್ತೊಂದು ಸಾಕ್ಷ್ಯವನ್ನು ಒದಗಿಸಿದೆ. 1913ರಲ್ಲಿ ಕಚೇರಿಗಳಿಗೆಂದೇ ತೆರೆದ ನ್ಯೂಯಾರ್ಕಿನ ವುಲ್‌ವರ್ತ್ ಕಟ್ಟಡದ ಮೇಲಂತಸ್ತುಗಳು 2012ರಲ್ಲಿ ಮಾರಾಟವಾಗಿ ವಾಸದ ಮನೆಗಳಾದವು. ಕಾರ್ಯ ಬದಲಾಯಿತು, ಗೋಪುರ ನಿಂತಿದೆ. ಷಿಕಾಗೋದಲ್ಲಿ ಆ್ಯಡ್ಲರ್ ಮತ್ತು ಸಲಿವನ್ನರು ಕಟ್ಟಿದ ಷೇರು ವಿನಿಮಯ ಕಟ್ಟಡವನ್ನಾದರೋ (1894) 1972ರಲ್ಲಿ ಕೆಡವಿ, ಅಲ್ಲಿ ಇನ್ನೂ ಎತ್ತರದ ಕಚೇರಿ ಕಟ್ಟಡವನ್ನು ಎಬ್ಬಿಸಿದರು. ರೂಪದ ಔಚಿತ್ಯವೊಂದೇ ಅದನ್ನು ಕಾಪಾಡಲಿಲ್ಲ. ಸಲಿವನ್ನನು ಕೂಡ ಬಡತನದಿಂದಾಗಿ 1918ರಲ್ಲಿ, ತಾನೇ ರೂಪಿಸಿದ ಆಡಿಟೋರಿಯಂ ಕಟ್ಟಡದ ಗೋಪುರದಲ್ಲಿದ್ದ ತನ್ನ ಕಚೇರಿಯನ್ನು ಬಿಡಬೇಕಾಯಿತು. ಜೀವನದ ಘಟನೆಯಿಂದ ಸಿದ್ಧಾಂತವನ್ನು ಖಂಡಿಸುವುದು ವಿಮರ್ಶೆಯಾಗದು. ಆದರೂ ಪ್ರಬಂಧವು ಬಿಟ್ಟುಬಿಟ್ಟ ಮಾತು ಯಾವುದೆಂಬುದನ್ನು ಈ ಘಟನೆ ತೋರಿಸಿಕೊಡುತ್ತದೆ.

ಒಟ್ಟಿನಲ್ಲಿ, ಕಾರ್ಯವೆಂಬ ಶಬ್ದದಲ್ಲಿ ದುಡಿಮೆ, ಬಾಡಿಗೆ, ಅಭಿವ್ಯಕ್ತಿ ಎಂಬ ಮೂರು ಅರ್ಥಗಳು ಬೆರೆತಿವೆ. ಅವುಗಳನ್ನು ವಿಂಗಡಿಸದೆ ಸೂತ್ರವನ್ನು ಪಠಿಸುವುದರಿಂದ ಪ್ರಯೋಜನವಿಲ್ಲ. ವಿಂಗಡಿಸಿ ಓದಿದರೆ, ಹಳೆಯ ಗಗನಚುಂಬಿಗಳಲ್ಲಿ ಯಾವುದನ್ನು ಏತಕ್ಕಾಗಿ ಉಳಿಸಬೇಕೆಂಬ ಚರ್ಚೆಗೂ ಈ ಪ್ರಬಂಧ ಉಪಯುಕ್ತವಾದೀತೆಂದು ನಮ್ಮ ಅಭಿಪ್ರಾಯ.