ಹಾಸು ಕೆಚ್ಚುವ ಬೆರಳುಗಳು

ಆಂಧ್ರದ ಹಿಂದೂಪುರ ಅಂದರೆ ಹಲವರಿಗೆ ಬೆಲ್ಲ, ಹುಣಸೆಹಣ್ಣಿನ ಮಂಡಿ. ಈಚಿನವರಿಗೆ ತೂಮಕುಂಟೆಯ ಕಾರ್ಖಾನೆಗಳು. ನನಗೆ ಮಾತ್ರ ಅಲ್ಲಿನ ಮುದಿರೆಡ್ಡಿಪಲ್ಲಿಯ ಮಗ್ಗದ ಮನೆಗಳು, ಅದರಲ್ಲೂ ಹಾಸು, ಅಂದರೆ ಮಗ್ಗದ ಉದ್ದೆಳೆಗಳನ್ನು, ಕೆಚ್ಚುವವರು.

ರೇಷ್ಮೆ ಸೀರೆ ನೇಯ್ದವರನ್ನು ಎಲ್ಲರೂ ಹೊಗಳುತ್ತಾರೆ. ಕೆಚ್ಚುವವರ ಕೆಲಸ ನೇಯ್ಗೆಗೂ ಮೊದಲಿನದು. ಹಳೆಯ ಹಾಸು ಮುಗಿದಾಗ ಅದರ ತುದಿಗಳನ್ನು ಹಣಿಗೆಯಿಂದ ಬಿಡಿಸುವುದಿಲ್ಲ, ಹಾಗೇ ಉಳಿಸುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ತುದಿಗಳಿಗೆ ಸೇರಿಸಬೇಕು. ಇಂಥವು ಸಾವಿರಾರು. ಮಗ್ಗದ ಹಿಂದೆ ಚಕ್ಕಳಮಕ್ಕಳ ಕೂತು, ಬೆರಳಿಗೆ ಚೂರು ಬೂದಿ ಹಚ್ಚಿಕೊಂಡು, ಎರಡು ಎಳೆ ಹಿಡಿದು ಹೊಸೆದರೆ ಮುಗಿಯಿತು. ಕಣ್ಣಿಗೆ ಬೀಳುವಂಥ ಗಂಟಿಲ್ಲ. ಬೂದಿ ಇಲ್ಲದಿದ್ದರೆ ರೇಷ್ಮೆ ಜಾರುತ್ತದೆ. ಬಾಯಲ್ಲಿ ತೆಲುಗು, ಕನ್ನಡ ಎರಡೂ ಹರಿಯುತ್ತಿರುತ್ತವೆ. ಕರ್ನಾಟಕದ ಗೌರಿಬಿದನೂರು ಪಕ್ಕದಲ್ಲೇ ಇದೆಯಲ್ಲ. ಮಾತು ಎಷ್ಟಾದರೂ ಬೆರಳು ಸಾಲು ತಪ್ಪುವುದಿಲ್ಲ.

ತಪ್ಪಿದರೆ ಕಷ್ಟ. ಮಗ್ಗದ ಮೇಲೆ ವಿನ್ಯಾಸ ಮೂಡಿಸುವ ಜಕಾರ್ಡ್ ಇರುತ್ತದೆ. ಯಾವ ಎಳೆ ಏಳಬೇಕೆಂದು ಅದರ ತೂತು ಕೊರೆದ ರಟ್ಟುಗಳು ತೀರ್ಮಾನಿಸುತ್ತವೆ. ಎರಡು ಎಳೆ ಅದಲುಬದಲಾದರೂ ಆ ತಪ್ಪು ಸೀರೆಯ ಉದ್ದಕ್ಕೂ ಹಿಂಬಾಲಿಸುತ್ತದೆ.

ಅಂಗಡಿಯಲ್ಲಿ ಬೆಲೆ ಹೇಳುವಾಗ ಜರಿಯ ಮಾತು ಬರುತ್ತದೆ, ರೇಷ್ಮೆಯ ತೂಕದ ಮಾತೂ ಬರುತ್ತದೆ. ಕೆಚ್ಚಿದವರ ಮಾತು ಬಂದದ್ದನ್ನು ನಾನು ಕೇಳಿಲ್ಲ. ನೇಕಾರರ ಪಕ್ಕದಲ್ಲೇ ಇವರ ಹೆಸರೂ ಬರಬೇಕು, ಕೂಲಿಯೂ ಆ ಗೌರವಕ್ಕೆ ತಕ್ಕ ಹಾಗಿರಬೇಕು.