ಮರೆತದ್ದೆಲ್ಲ ಹಾಡಾಯ್ತು

ಬ್ಲೂಸ್ ಅಂದರೆ ಅಳು, ಜಾಝ್ ಅಂದರೆ ನಡುರಾತ್ರಿಯ ಒಂಟಿತನ ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಅದರ ಬೆನ್ನಿಗೇ ಇನ್ನೊಂದು: ದುಃಖದ ಹಾಡಿಗೆ ಆಳ ಇರುತ್ತೆ, ಖುಷಿಯ ಹಾಡು ಬರೀ ಮೇಲುಮೇಲಿನದು. ಬಿಲಿ ಹಾಲಿಡೇಯ ಪಕ್ಕದಲ್ಲಿಟ್ಟು ತೂಗಿದಾಗಲೆಲ್ಲ ಎಲಾ ಫಿಟ್ಜ್‌ಜೆರಾಲ್ಡ್‌ಗೆ ಅರ್ಧ ಅಂಕ ಕಡಿಮೆ ಬೀಳುವುದು ಇದೇ ಕಾರಣಕ್ಕೆ. ಕಂಠವೇನೋ ಸರಿ, ನೋವೆಲ್ಲಿ ಅನ್ನೋದು ತಕರಾರು.

ಇದಕ್ಕೆ ಉತ್ತರ 1960ರ ಫೆಬ್ರವರಿ 13ರಂದು ಪಶ್ಚಿಮ ಬರ್ಲಿನ್ನಿನ ಡಾಯ್ಚ್‌ಲಾಂಡ್‌ಹಾಲೆ ಸಭಾಂಗಣದಲ್ಲಿ ನಡೆದ ಕಛೇರಿಯ ಮುದ್ರಿಕೆಯಲ್ಲಿದೆ. ಹಾಡು ‘ಮ್ಯಾಕ್ ದ ನೈಫ್’. ಬ್ರೆಕ್ಟ್ ಬರೆದು ಕರ್ಟ್ ವೈಲ್ ಸಂಗೀತ ಕೊಟ್ಟ ‘ತ್ರೀಪೆನ್ನಿ ಆಪೆರಾ’ ಇದೇ ಬರ್ಲಿನ್ನಿನಲ್ಲಿ 1928ರಲ್ಲಿ ರಂಗಕ್ಕೆ ಬಂತು. ಅದರಲ್ಲಿನ ಕೊಲೆಗಾರನ ಲಾವಣಿ ಇದು. 1955ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್, 1959ರಲ್ಲಿ ಬಾಬಿ ಡ್ಯಾರಿನ್ ಹಾಡಿ ಅಮೆರಿಕದ ಮನೆಮನೆಗೂ ಮುಟ್ಟಿಸಿದ್ದರು. ಹೆಂಗಸರು ಹಾಡಿದ್ದು ಕೇಳಿಲ್ಲ, ಪದಗಳೆಲ್ಲ ನೆನಪಿದ್ದರೆ ಸಾಕು ಅಂತ ಎಲಾ ಮೊದಲೇ ಹೇಳಿಯೇ ಶುರು ಮಾಡ್ತಾರೆ.

ನೆನಪಿರಲಿಲ್ಲ. ಕೆಲವು ಚರಣ ಸರಾಗವಾಗಿ ಹೋಗಿ, ಆಮೇಲೆ ಸಾಹಿತ್ಯ ಕೈಕೊಡುತ್ತೆ. ಅವರು ನಿಲ್ಲುವುದಿಲ್ಲ. ಮರೆತುಹೋಯ್ತು ಅನ್ನೋದನ್ನೇ ಅದೇ ಧಾಟಿಗೆ ಕೂರಿಸಿ ಹಾಡ್ತಾರೆ. ಡ್ಯಾರಿನ್, ಆರ್ಮ್‌ಸ್ಟ್ರಾಂಗ್ ಹೆಸರೆತ್ತಿ, ಈಗ ತಾವೂ ತಮ್ಮವರೂ ಸೇರಿ ಹಾಡನ್ನು ಹಾಳುಮಾಡ್ತಿದ್ದೀವಿ ಅಂತಾರೆ. ಆರ್ಮ್‌ಸ್ಟ್ರಾಂಗ್‌ನ ಗೊಗ್ಗರು ದನಿಯ ಅಣಕ, ಅರ್ಥವಿಲ್ಲದ ಅಕ್ಷರಗಳ ಸ್ಕ್ಯಾಟ್, ಎಲ್ಲ ಬಂದುಹೋಗುತ್ತೆ.

ತಪ್ಪಿ ನಕ್ಕರೆ ಅದೇನು ದೊಡ್ಡಸ್ತಿಕೆ ಅಲ್ಲ. ಆದರೆ ಗಮನಿಸಿ, ಹಾಡು ಮುಂದೆ ಹೋದಂತೆ ಶ್ರುತಿ ಅರ್ಧರ್ಧ ಸ್ವರ ಮೇಲೇರ್ತಾ ಇದೆ. ಸಾಹಿತ್ಯ ಕಳೆದುಕೊಂಡ ಗಾಯಕಿ ಆ ಏರಿನಲ್ಲೆಲ್ಲೂ ಸ್ವರ ತಪ್ಪಿಲ್ಲ, ಲಯ ಬಿಟ್ಟಿಲ್ಲ. ಕಲ್ಪನಾಸ್ವರ ಕೇಳಿ ಬೆಳೆದ ನಮ್ಮ ಕಿವಿಗೆ ಇದರ ಕಷ್ಟ ಬೇಗ ಗೊತ್ತಾಗುತ್ತೆ. ಇಲ್ಲಿನ ಖುಷಿ ಹುಡುಗಾಟದ್ದಲ್ಲ, ಪಳಗಿದ ಕೈಯದ್ದು.

ಇನ್ನು ನೋವಿನ ಲೆಕ್ಕ. 1932ರಲ್ಲಿ ತಾಯಿ ತೀರಿಕೊಂಡ ಮೇಲೆ ಎಲಾ ಕೆಲಕಾಲ ನೆಲೆಯಿಲ್ಲದೆ ನ್ಯೂಯಾರ್ಕಿನಲ್ಲಿ ಅಲೆದವರು. 1934ರಲ್ಲಿ ಅಪೊಲೊ ಥಿಯೇಟರಿನ ಹವ್ಯಾಸಿಗಳ ಸ್ಪರ್ಧೆಗೆ ಕುಣಿಯೋಕೆ ಅಂತ ಬಂದು, ಹೆದರಿ, ಕುಣಿತ ಬಿಟ್ಟು ಹಾಡಿ ಗೆದ್ದರು. ಆಗ 17 ವರ್ಷ. ನೋವು ಗೊತ್ತಿಲ್ಲದ ಹೆಂಗಸಲ್ಲ, ಅದನ್ನು ಮಾರಾಟಕ್ಕಿಡದ ಹೆಂಗಸು.

ಆ ಸಭಾಂಗಣಕ್ಕೂ ಒಂದು ಚರಿತ್ರೆ ಇದೆ. 1935ರಲ್ಲಿ ಅದನ್ನು ಉದ್ಘಾಟಿಸಿದ್ದು ಹಿಟ್ಲರ್. ಬಾಂಬಿಗೆ ಉರುಳಿ, 1957ರಲ್ಲಿ ಮತ್ತೆ ಎದ್ದದ್ದು. ಯಹೂದಿಯಾದ ವೈಲ್ 1933ರಲ್ಲೇ ದೇಶ ಬಿಟ್ಟು ಓಡಬೇಕಾಯ್ತು. 1938ರಲ್ಲಿ ನಾಜಿಗಳು ‘ಕೆಟ್ಟ ಸಂಗೀತ’ದ ಪ್ರದರ್ಶನ ಏರ್ಪಡಿಸಿದಾಗ ಅದರ ಪೋಸ್ಟರಿನಲ್ಲಿ ಬರೆದದ್ದೇನು ಗೊತ್ತಾ? ಸ್ಯಾಕ್ಸೊಫೋನ್ ಊದುವ ಕಪ್ಪು ಮನುಷ್ಯ, ಅವನೆದೆಯ ಮೇಲೆ ಯಹೂದಿ ನಕ್ಷತ್ರ. 22 ವರ್ಷದ ಮೇಲೆ ಅದೇ ದೇಶದಲ್ಲಿ ಕಪ್ಪು ಹೆಂಗಸೊಬ್ಬಳು ಯಹೂದಿಯ ಹಾಡನ್ನು ನಗುನಗುತ್ತಾ ಮರೆಯುತ್ತಾಳೆ, ಜನ ಚಪ್ಪಾಳೆ ತಟ್ಟುತ್ತಾರೆ. ಎಲಾ ಇದನ್ನೆಲ್ಲ ಲೆಕ್ಕ ಹಾಕಿ ಹಾಡಿದರು ಅಂತ ನಾನು ಹೇಳಲಾರೆ. ಆದರೆ ಅಲ್ಲಿ ಅಷ್ಟು ಸಲೀಸಾಗಿ ನಗೋಕಾಗಿದ್ದೇ ಸಣ್ಣ ಮಾತಲ್ಲ.

ಒಂದು ನಷ್ಟ ಒಪ್ಪಿಕೊಳ್ಳಬೇಕು. ಕೊಲೆಗಾರ ಎಲ್ಲೋ ಮಾಯವಾಗ್ತಾನೆ. ಬ್ರೆಕ್ಟ್‌ನ ವ್ಯಂಗ್ಯದ ಮೊನೆ ಮೊಂಡಾಗುತ್ತೆ. ಅದು ಬೇಕಾದವರು ಮೂಲ ಜರ್ಮನ್ನಿನಲ್ಲೇ ಕೇಳಬೇಕು.

ಇದೇ ಕಛೇರಿಯ ‘ಹೌ ಹೈ ದ ಮೂನ್’ನಲ್ಲಿ ಸುಮಾರು ಏಳು ನಿಮಿಷದ ಹಾಡುಗಾರಿಕೆಯಿದೆ, ಸ್ಕ್ಯಾಟ್‌ನ ಪಾಠಪುಸ್ತಕ ಅನ್ನುವಷ್ಟು ಒಪ್ಪ. ಆದರೂ ನನಗೆ ಮತ್ತೆಮತ್ತೆ ಬೇಕೆನಿಸೋದು ತಪ್ಪಿದ ಹಾಡೇ. ಗ್ರ್ಯಾಮಿ ಸಿಕ್ಕಿದ್ದೂ ಅದಕ್ಕೇ. ಕೇಳುವಾಗ ಪದ ಕೈಕೊಟ್ಟ ಜಾಗದಲ್ಲಿ ಎಲಾರನ್ನು ಬಿಟ್ಟು ಗಸ್ ಜಾನ್ಸನ್ನರ ಡ್ರಮ್ಸಿಗೆ ಕಿವಿ ಕೊಡಿ. ಏನೂ ಆಗಿಲ್ಲ ಅನ್ನೋ ಹಾಗೆ ನಡೀತಾ ಇರುತ್ತೆ.