ಶಾಕುಂತಲದ ‘ಪರಭೃತ’: ಒಂದು ವಿಚಾರ

ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಂತಹ ಊರುಗಳಲ್ಲಿ ಬೇಸಿಗೆಯ ದಿನ ಬೇವಿನ ಮರದಿಂದ ಕೋಗಿಲೆಯ ದನಿ ಕೇಳಿಬಂದಿತೆಂದರೆ, ಅದನ್ನು ಬೆನ್ನಟ್ಟುವ ಕಾಗೆಗಳ ಗದ್ದಲವೂ ಕೇಳಿಬರುತ್ತದೆ. ಕೋಗಿಲೆ ಗೂಡು ಕಟ್ಟುವುದಿಲ್ಲ. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ನಮ್ಮ ಪೂರ್ವಿಕರು ಇದನ್ನು ಬಹು ಹಿಂದೆಯೇ ಕಂಡುಕೊಂಡಿದ್ದರೆಂಬುದಕ್ಕೆ ‘ಪರಭೃತ’, ‘ಪರಪುಷ್ಟ’ ಎಂಬ ಹೆಸರುಗಳೇ ಸಾಕ್ಷಿ. ಈ ಹೆಸರುಗಳ ಬೆನ್ನಿಗೆ ಒಂದು ನೀತಿಯೂ ಬೆಳೆದಿದೆ: ಕೋಗಿಲೆ ವಂಚಕಿ, ಕಾಗೆ ಮೂಢ. ಕಾಳಿದಾಸನ ಶಾಕುಂತಲದ ಐದನೆಯ ಅಂಕದಲ್ಲಿ ದುಷ್ಯಂತನಾಡುವ ಮಾತನ್ನು ಈ ನೀತಿಯ ನಿದರ್ಶನವೆಂದು ಓದುವುದುಂಟು. ಅಂತಹ ಓದು ನಾಟಕಕ್ಕೂ ಸಲ್ಲದು, ಹಕ್ಕಿಗೂ ಸಲ್ಲದು ಎಂಬುದು ಈ ಲೇಖನದ ಅಭಿಪ್ರಾಯ.

ಸಂದರ್ಭವು ಸುಪರಿಚಿತವೇ. ಗರ್ಭಿಣಿಯಾದ ಶಕುಂತಲೆ ಸಭೆಯಲ್ಲಿ ನಿಂತಿದ್ದಾಳೆ, ಉಂಗುರ ಕಳೆದಿದೆ. ತಪೋವನದಲ್ಲಿ ಬೆಳೆದವಳು ಕಪಟವನ್ನರಿಯಳೆಂದು ಗೌತಮಿ ಹೇಳಲು, ಹೆಣ್ಣಿಗೆ ಕಪಟವನ್ನು ಕಲಿಸಬೇಕಾಗಿಲ್ಲ, ತನ್ನ ಮರಿಯನ್ನು ಅನ್ಯರಿಂದ ಸಾಕಿಸುವ ಕೋಗಿಲೆಯನ್ನು ನೋಡಿರಿ ಎಂಬರ್ಥದ ಉತ್ತರವನ್ನು ರಾಜನು ಕೊಡುತ್ತಾನೆ. ಮೇನಕೆಯು ಬಿಟ್ಟುಹೋಗಿ ಕಣ್ವರು ಸಾಕಿದವಳಿಗೆ ಈ ಮಾತು ಇಮ್ಮಡಿ ಇರಿತ. ಚುರಮುರಿ ಶೇಷಗಿರಿರಾಯರ ಮತ್ತು ಬಸವಪ್ಪಶಾಸ್ತ್ರಿಗಳ ಅನುವಾದಗಳ ಮೂಲಕ ಈ ನಾಟಕವು ಕನ್ನಡದ ಸ್ವಂತ ಆಸ್ತಿಯೇ ಆಗಿರುವುದರಿಂದ, ಈ ಪ್ರಶ್ನೆ ಸಂಸ್ಕೃತ ವಿದ್ಯಾರ್ಥಿಗಳಿಗೆ ಮಾತ್ರ ಸೇರಿದುದಲ್ಲ.

ಮೊದಲು ಹಕ್ಕಿಯ ವಿಷಯವನ್ನು ನೋಡೋಣ. ಕೋಗಿಲೆಯ ಮೊಟ್ಟೆ ಕಾಗೆಯದಕ್ಕಿಂತ ಚಿಕ್ಕದು; ಬಣ್ಣ ಮತ್ತು ಚುಕ್ಕೆಗಳಲ್ಲಿ ಮಾತ್ರ ಅದನ್ನು ಹೋಲುತ್ತದೆ. ಗಂಡು ಕೂಗಿ ಕಾಗೆಗಳನ್ನು ಕೆಣಕಿ ದೂರ ಸೆಳೆಯುತ್ತಿರುವಾಗ ಹೆಣ್ಣು ಮೊಟ್ಟೆಯಿಟ್ಟು ಬರುವುದೆಂದು ಪಕ್ಷಿವೀಕ್ಷಕರು ವರ್ಣಿಸಿದ್ದಾರೆ. ಹಾಗಾದರೆ ಕಪಟವು ಹೆಣ್ಣಿನದೊಂದೇ ಅಲ್ಲ. ರಾಜನ ಉಪಮಾನವು ಅಲ್ಲಿಯೇ ಕುಂಟುತ್ತದೆ.

ಇನ್ನು ಆತಿಥೇಯ ಪಕ್ಷಿಯ ಮೂಢತನ. ಪರಕೀಯ ಮೊಟ್ಟೆಯನ್ನು ಗುರುತಿಸಿ ಹೊರಗೆಸೆಯುವ ಹಕ್ಕಿಗಳು ಅನೇಕವಿವೆ. ಗೂಡಿನಲ್ಲಿ ಒಂಟಿಯಾಗಿ ಬೇರೆ ತೋರುವ ಮೊಟ್ಟೆಯನ್ನು ಅವು ಎಸೆಯುತ್ತವೆಯೆ, ಅಥವಾ ತಮ್ಮ ಮೊಟ್ಟೆಯ ರೂಪವನ್ನು ಕಲಿತು ನೆನಪಿನಲ್ಲಿಟ್ಟು ಹೋಲಿಸುತ್ತವೆಯೆ? ಅಮೆರಿಕದ ಸ್ಟೀಫನ್ ರಾತ್‌ಸ್ಟೈನ್ 1970ರ ದಶಕದಲ್ಲಿ ನಡೆಸಿದ ಪ್ರಯೋಗಗಳು ಎರಡನೆಯ ಪಕ್ಷವನ್ನು ಸಮರ್ಥಿಸಿದುವು. ಗುರುತಿಗೆ ಆಧಾರ ನೆನಪು. ಕೇಂಬ್ರಿಜ್ಜಿನ ನಿಕೊಲಸ್ ಡೇವಿಸ್ ಮತ್ತು ಮೈಕೆಲ್ ಬ್ರೂಕ್ ಅವರು ಜೊಂಡಿನಲ್ಲಿ ಗೂಡು ಕಟ್ಟುವ ಪುಟ್ಟ ಹಕ್ಕಿಯೊಂದನ್ನು ಪರೀಕ್ಷಿಸಿ, ಗೂಡಿನ ಬಳಿ ಕೋಗಿಲೆಯ ಜಾತಿಯ ಪರಪುಷ್ಟ ಪಕ್ಷಿಯ ಬೊಂಬೆಯನ್ನು ಕಂಡ ಹಕ್ಕಿ ಅನ್ಯ ಮೊಟ್ಟೆಯನ್ನು ಹೆಚ್ಚಾಗಿ ತ್ಯಜಿಸುವುದೆಂದು 1988ರಲ್ಲಿ ತೋರಿಸಿದರು. ಆದರೆ ಸಂಶಯಕ್ಕೂ ಬೆಲೆಯುಂಟು: ಸಾಮ್ಯವು ಹೆಚ್ಚಾದಲ್ಲಿ ಹಕ್ಕಿ ತಪ್ಪಿ ತನ್ನ ಮೊಟ್ಟೆಯನ್ನೇ ಎಸೆಯಬಹುದು. ಆದುದರಿಂದ ಅಪಾಯವು ವಿರಳವಾದೆಡೆ ಸಂಶಯಿಸುವುದಕ್ಕಿಂತ ಸ್ವೀಕರಿಸುವುದೇ ಲಾಭಕರವಾದೀತು. ಸ್ವೀಕಾರವೆಲ್ಲವೂ ಮೌಢ್ಯವಲ್ಲ.

ಈ ಬೆಳಕಿನಲ್ಲಿ ಐದನೆಯ ಅಂಕವನ್ನು ಮತ್ತೆ ಓದಬೇಕು. ದುಷ್ಯಂತನು ತನ್ನನ್ನು ಎಚ್ಚರದ ಕಾಗೆಯೆಂದು ಭಾವಿಸಿದ್ದಾನೆ. ವಸ್ತುತಃ ಅವನು ತನ್ನ ಮೊಟ್ಟೆಯನ್ನೇ ಪರಕೀಯವೆಂದು ಹೊರಗೆಸೆದ ಹಕ್ಕಿ. ಶಕುಂತಲೆಯ ಒಡಲಿನಲ್ಲಿರುವುದು ಅವನದೇ ಸಂತಾನ. ನೆನಪು ಅಳಿದಿದೆ, ನೆನಪಿನ ಕುರುಹಾದ ಉಂಗುರವಿಲ್ಲ, ಸಂಶಯವೊಂದೇ ಉಳಿದಿದೆ. ‘ಅಭಿಜ್ಞಾನ’ವೆಂಬ ಶೀರ್ಷಿಕೆಯ ನಾಟಕದಲ್ಲಿ ಗುರುತಿನ ಪ್ರಮಾದಕ್ಕೆ ಇದಕ್ಕಿಂತ ಸಮರ್ಪಕವಾದ ಪ್ರತಿಮೆ ದೊರಕಲಾರದು.

ದೂರ್ವಾಸರ ಶಾಪವಿರುವಾಗ ರಾಜನದೇನು ದೋಷ ಎಂದು ಕೇಳಬಹುದು. ಶಾಪವು ಕಸಿದುದು ನೆನಪನ್ನು. ಸ್ತ್ರೀಕುಲವನ್ನೇ ನಿಂದಿಸುವ ಮಾತನ್ನು ಶಾಪವು ಅವನ ಬಾಯಲ್ಲಿ ಇಡಲಿಲ್ಲ, ಅದು ಅವನದೇ. ಹಕ್ಕಿ ತಪ್ಪಿದರೆ ಮೊಟ್ಟೆಯನ್ನು ಕಳೆದುಕೊಳ್ಳುತ್ತದೆ, ಸಿದ್ಧಾಂತವನ್ನು ಕಟ್ಟುವುದಿಲ್ಲ. ಅದೇ ಸಭೆಯಲ್ಲಿ ಪುರೋಹಿತನು, ಹೆರಿಗೆಯವರೆಗೆ ಅವಳು ತನ್ನ ಮನೆಯಲ್ಲಿರಲಿ, ಮಗುವಿನಲ್ಲಿ ಚಕ್ರವರ್ತಿಯ ಲಕ್ಷಣಗಳು ಕಂಡರೆ ಸ್ವೀಕರಿಸೋಣವೆಂದು ಸೂಚಿಸುತ್ತಾನೆ. ಸಂಶಯವಿದ್ದರೂ ಕಾದು ನೋಡುವ ದಾರಿಯೊಂದು ಇತ್ತೆಂಬುದಕ್ಕೆ ಇದು ಸಾಕ್ಷಿ.

ಪರಭೃತವನ್ನು ಕವಿಯು ಇಲ್ಲೊಂದೆಡೆಯೇ ತಂದಿಲ್ಲವೆಂಬುದೂ ಗಮನಾರ್ಹ. ನಾಲ್ಕನೆಯ ಅಂಕದಲ್ಲಿ ಶಕುಂತಲೆಗೆ ಬೀಳ್ಕೊಡುವ ವೃಕ್ಷಗಳು ಕೋಗಿಲೆಯ ದನಿಯಲ್ಲೇ ಅನುಮತಿ ಕೊಡುತ್ತವೆ. ಅಲ್ಲಿ ಅದು ಬಂಧುವಿನ ದನಿ. ಆರನೆಯ ಅಂಕದಲ್ಲಿ ಪಶ್ಚಾತ್ತಾಪಗೊಂಡ ರಾಜನು ವಸಂತೋತ್ಸವವನ್ನು ನಿಷೇಧಿಸಿರುವಾಗ ಮಾವಿನ ಚಿಗುರನ್ನು ಕಂಡು ಹಿಗ್ಗುವ ಉದ್ಯಾನಪಾಲಿಕೆಯ ಹೆಸರು ಪರಭೃತಿಕೆ. ಕೋಗಿಲೆಗಳ ದನಿಯಾದರೋ ಕಂಠದಲ್ಲೇ ತಡವರಿಸುತ್ತದೆ. ಇವೆರಡರ ನಡುವೆ ರಾಜನ ನಿಂದೆಯನ್ನಿಟ್ಟು ಓದಿದವರು ಅದನ್ನು ಕವಿಯ ಅಭಿಪ್ರಾಯವೆಂದು ಹೇಳಲಾರರು.

ಕಾಗೆಯನ್ನು ಮೂಢವೆನ್ನುವುದೊಂದೇ ನಮ್ಮ ಪರಂಪರೆಯಲ್ಲ. ಕನ್ನೊಳ್ಳಿಯ ನೆರೆಸೀಮೆಯಾದ ಬಾಗೇವಾಡಿಯ ಬಸವಣ್ಣನವರು, ತಿನಿಸು ಕಂಡಾಗ ಬಳಗವನ್ನು ಕರೆಯುವ ಆ ಹಕ್ಕಿಯನ್ನೇ ಭಕ್ತರಿಗೆ ಮೇಲ್ಪಂಕ್ತಿಯಾಗಿ ತೋರಿದರು. ಪರರ ಮರಿಗೆ ಗುಟುಕಿಡುವ ಕಾಗೆ ಮೋಸಹೋಗಿರಬಹುದು. ತನ್ನವರನ್ನು ಹೊರದೂಡಿದ ಅರಸನ ನಷ್ಟ ಅದಕ್ಕಿಂತ ದೊಡ್ಡದು. ಐದನೆಯ ಅಂಕವನ್ನು ಪಾಠ ಹೇಳುವಾಗ ರಾಜನ ಮಾತನ್ನು ಸುಭಾಷಿತವೆಂದು ಬರೆಯಿಸದೆ, ಪ್ರಮಾದವೆಂದು ವಿವರಿಸುವುದು ಯುಕ್ತ.